ಬಂದೂಕು ಕಾನೂನು: ತಗ್ಗುವುದು ಅಪರಾಧವೋ, ಸಾವೋ?

2025ರ ಡಿಸೆಂಬರ್ 14ರ ಸಂಜೆ ಆಸ್ಟ್ರೇಲಿಯಾದ ಸಿಡ್ನಿಯ ಬಾಂಡೈ ಕಡಲತೀರದಲ್ಲಿ ಯಹೂದಿ ಸಮುದಾಯದ ಹನುಕ್ಕಾ ಹಬ್ಬದ ಕೂಟದ ಮೇಲೆ ನಡೆದ ಗುಂಡಿನ ದಾಳಿಯಲ್ಲಿ 15 ಜನ ಸತ್ತರು. ದಾಳಿ ನಡೆಸಿದವರು ತಂದೆ ಮತ್ತು ಮಗ ಎಂದು ಪೊಲೀಸರು ಹೇಳಿದರು. ತಂದೆಯ ಹೆಸರಿನಲ್ಲಿ ಆರು ಬಂದೂಕುಗಳು ಕ್ರಮಬದ್ಧವಾಗಿ ನೋಂದಣಿಯಾಗಿದ್ದವು. ಬಂದೂಕು ನಿಯಂತ್ರಣಕ್ಕೆ ಮಾದರಿಯೆಂದು ಜಗತ್ತೆಲ್ಲ ಬೊಟ್ಟುಮಾಡುವ ದೇಶದಲ್ಲಿ, ಸರ್ಕಾರವೇ ಕೊಟ್ಟ ಪರವಾನಗಿಯ ಬೆನ್ನಲ್ಲಿ ಇಂಥ ಹತ್ಯಾಕಾಂಡ ನಡೆಯಿತು. ಅತ್ತ ಅಮೆರಿಕದಲ್ಲಿ, ಯಾವ ಪರವಾನಗಿಯೂ ಇಲ್ಲದೆ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಲು ಬಿಡುವ ರಾಜ್ಯಗಳ ಸಂಖ್ಯೆ 2024ರ ಹೊತ್ತಿಗೆ 29ಕ್ಕೆ ಏರಿತ್ತು. ಆದರೂ ಅಲ್ಲಿ ಕೊಲೆಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಿವೆ. ಎಫ್‌ಬಿಐ ಲೆಕ್ಕದಂತೆ 2024ರೊಂದರಲ್ಲೇ ಇಳಿಕೆ ಶೇ 15ರ ಆಸುಪಾಸಿನಲ್ಲಿತ್ತು. 2025ರಲ್ಲೂ ಅದು ಮುಂದುವರಿಯಿತು.

ಈ ಎರಡು ಸುದ್ದಿಗಳನ್ನು ಒಟ್ಟಿಗಿಟ್ಟು ಓದಿದವರಿಗೆ ಬಿಗಿ ಕಾನೂನಿನಿಂದ ಪ್ರಯೋಜನವಿಲ್ಲ, ಸಡಿಲ ಕಾನೂನಿನಿಂದ ತೊಂದರೆಯಿಲ್ಲ ಎಂದು ಅನ್ನಿಸುವುದು ಸಹಜ. ಆ ತೀರ್ಮಾನ ತಪ್ಪು. ಆದರೆ ಅದನ್ನು ಅಲ್ಲಗಳೆಯುವವರು ಸಾಮಾನ್ಯವಾಗಿ ಮುಂದಿಡುವ ವಾದವೂ, ಅಂದರೆ ಕಾನೂನು ಬಿಗಿ ಮಾಡಿದರೆ ಅಪರಾಧ ತಾನಾಗಿ ಇಳಿಯುತ್ತದೆ ಎಂಬುದೂ, ಪೂರ್ತಿ ಸರಿಯಲ್ಲ.

ಪ್ರಶ್ನೆಯಲ್ಲೇ ಇರುವ ತೊಡಕು

ಹಿಂಸಾಪರಾಧ ಎಂಬ ಲೆಕ್ಕದೊಳಗೆ ಹಲ್ಲೆ, ದರೋಡೆ, ಅತ್ಯಾಚಾರ, ಕೊಲೆ ಎಲ್ಲವೂ ಸೇರುತ್ತವೆ. ಸಂಖ್ಯೆಯಲ್ಲಿ ಹೆಚ್ಚಿರುವುದು ಹಲ್ಲೆ ಮತ್ತು ದರೋಡೆ. ಅವುಗಳಲ್ಲಿ ಬಹುಪಾಲಿಗೆ ಬಂದೂಕು ಬೇಕಾಗಿಯೇ ಇಲ್ಲ. ಜಗಳ ಹತ್ತಿಕೊಂಡಾಗ ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುವುದು ಎಲ್ಲ ದೇಶಗಳಲ್ಲೂ ಇದೆ. ಆದ್ದರಿಂದ ಬಂದೂಕು ಸಿಗುವುದು ಕಷ್ಟವಾದ ಮಾತ್ರಕ್ಕೆ ಜಗಳಗಳ ಸಂಖ್ಯೆ ಕುಸಿಯಬೇಕೆಂದು ನಿರೀಕ್ಷಿಸಲು ಕಾರಣವಿಲ್ಲ. ಬದಲಾಗುವುದು ಜಗಳದ ಕೊನೆ.

ಇದನ್ನು ಮೊದಲು ಅಂಕಿಅಂಶಗಳೊಂದಿಗೆ ತೋರಿಸಿದವರು ಅಮೆರಿಕದ ಅಪರಾಧಶಾಸ್ತ್ರಜ್ಞ ಫ್ರಾಂಕ್ಲಿನ್ ಜಿಮ್ರಿಂಗ್. 1968ರಲ್ಲಿ ಅವರು ಶಿಕಾಗೊ ಪೊಲೀಸರ ದಾಖಲೆಗಳನ್ನು ಹಿಡಿದು, ಚಾಕುವಿನ ಇರಿತ ಮತ್ತು ಗುಂಡೇಟಿನ ಪ್ರಕರಣಗಳನ್ನು ಹೋಲಿಸಿದರು. ಎರಡೂ ಬಗೆಯ ಪ್ರಕರಣಗಳ ಹಿನ್ನೆಲೆ ಬಹುಮಟ್ಟಿಗೆ ಒಂದೇ ಆಗಿತ್ತು: ಪರಿಚಿತರ ನಡುವಿನ ಕ್ಷಣಿಕ ಸಿಟ್ಟು, ಹಲವು ಬಾರಿ ಕುಡಿತದ ಅಮಲು. ಆದರೆ ಗುಂಡೇಟು ತಿಂದವರಲ್ಲಿ ಸತ್ತವರ ಪ್ರಮಾಣ ಇರಿತಕ್ಕೊಳಗಾದವರಿಗಿಂತ ಸುಮಾರು ಐದು ಪಟ್ಟು ಹೆಚ್ಚಾಗಿತ್ತು. ಕೊಲ್ಲಬೇಕೆಂದು ನಿಶ್ಚಯಿಸಿಕೊಂಡವರು ಹೇಗಿದ್ದರೂ ಕೊಲ್ಲುತ್ತಾರೆ ಎಂಬ ಮಾತು ನಿಜವಾಗಬೇಕಾದರೆ ಹಲ್ಲೆಕೋರರೆಲ್ಲ ಮೊದಲೇ ನಿಶ್ಚಯ ಮಾಡಿಕೊಂಡೇ ಬಂದಿರಬೇಕು. ದಾಖಲೆಗಳು ಹೇಳುವುದು ಹಾಗಲ್ಲ. ಸಾಯಿಸಬೇಕೋ ಬೇಡವೋ ಎಂಬುದು ಇತ್ಯರ್ಥವಾಗದ ಸ್ಥಿತಿಯಲ್ಲೇ ಹೆಚ್ಚಿನ ಹಲ್ಲೆಗಳು ನಡೆಯುತ್ತವೆ, ಮತ್ತು ಆಗ ಕೈಯಲ್ಲಿರುವ ವಸ್ತುವೇ ಫಲಿತಾಂಶವನ್ನು ತೀರ್ಮಾನಿಸುತ್ತದೆ.

ಹಲ್ಲೆ, ಕಳವು, ದರೋಡೆಗಳ ಪ್ರಮಾಣದಲ್ಲಿ ಅಮೆರಿಕವು ಇತರ ಶ್ರೀಮಂತ ದೇಶಗಳಿಗಿಂತ ತೀರಾ ಬೇರೆಯಲ್ಲ, ಆದರೆ ಕೊಲೆಯ ಪ್ರಮಾಣದಲ್ಲಿ ಬಹಳ ಮುಂದಿದೆ ಎಂಬ ವಿಚಿತ್ರಕ್ಕೂ ಇದೇ ವಿವರಣೆ. ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆಯ 2018ರ ಅಂದಾಜಿನಂತೆ ಅಲ್ಲಿನ ನಾಗರಿಕರ ಬಳಿ 39.3 ಕೋಟಿ ಬಂದೂಕುಗಳಿವೆ, ಅಂದರೆ 100 ಜನರಿಗೆ 120ಕ್ಕೂ ಹೆಚ್ಚು. ಇನ್ನೊಂದು ಅಂಶ ಚರ್ಚೆಯಲ್ಲಿ ಸದಾ ಮರೆಯಾಗುತ್ತದೆ. 2023ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತ 46,728 ಜನರಲ್ಲಿ ಸುಮಾರು 27,300 ಜನರದು ಆತ್ಮಹತ್ಯೆ. ಕೊಲೆಯಾದವರು ಸುಮಾರು 17,900. ಬಂದೂಕು ಕಾನೂನಿನ ಪರಿಣಾಮವನ್ನು ಬರೀ ಅಪರಾಧದ ಪಟ್ಟಿಯಲ್ಲಿ ಹುಡುಕುವವರು ಸಾವುಗಳಲ್ಲಿ ಅರ್ಧಕ್ಕೂ ಹೆಚ್ಚಿನದನ್ನು ಲೆಕ್ಕದಿಂದಲೇ ಬಿಟ್ಟಿರುತ್ತಾರೆ.

ಅಂಗಡಿಯ ಕಟ್ಟೆಯ ಮೇಲೆ

ಅಮೆರಿಕದಲ್ಲಿ ಕಾನೂನು ಇಲ್ಲವೆಂದಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನೋಡಲು ಒಂದು ಬಂದೂಕು ಅಂಗಡಿಯ ವ್ಯವಹಾರವನ್ನು ಹತ್ತಿರದಿಂದ ಗಮನಿಸಬೇಕು. ಕೊಳ್ಳಲು ಬಂದವರು 4473 ಎಂಬ ನಮೂನೆಯನ್ನು ತುಂಬುತ್ತಾರೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾಗಿದೆಯೇ, ಮಾದಕ ವಸ್ತುವಿನ ಚಟವಿದೆಯೇ, ಸಂಗಾತಿಯ ಮೇಲಿನ ದೌರ್ಜನ್ಯಕ್ಕಾಗಿ ನ್ಯಾಯಾಲಯದ ನಿರ್ಬಂಧವಿದೆಯೇ, ಈ ಬಂದೂಕನ್ನು ನಿಮಗಾಗಿಯೇ ಕೊಳ್ಳುತ್ತಿದ್ದೀರಾ ಎಂಬಂಥ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕುತ್ತಾರೆ. ಅಂಗಡಿಯವರು ಎಫ್‌ಬಿಐನ ತಪಾಸಣಾ ವ್ಯವಸ್ಥೆಗೆ ಹೆಸರು ಕಳಿಸುತ್ತಾರೆ. ಬಹುತೇಕ ಸಂದರ್ಭಗಳಲ್ಲಿ ಕೆಲವೇ ನಿಮಿಷಗಳಲ್ಲಿ ಉತ್ತರ ಬರುತ್ತದೆ: ಮಾರಬಹುದು, ಮಾರುವಂತಿಲ್ಲ, ಅಥವಾ ತಡವಾಗುತ್ತದೆ.

ಮೂರನೆಯ ಉತ್ತರದಲ್ಲೇ ಸಮಸ್ಯೆಯಿದೆ. ಮೂರು ಕೆಲಸದ ದಿನ ಕಳೆದರೂ ಅಂತಿಮ ಉತ್ತರ ಬಾರದಿದ್ದರೆ ಅಂಗಡಿಯವರು ಬಂದೂಕನ್ನು ಕೊಡಬಹುದು. 2015ರ ಜೂನ್‌ನಲ್ಲಿ ಚಾರ್ಲ್ಸ್‌ಟನ್ನಿನ ಚರ್ಚಿನಲ್ಲಿ ಒಂಬತ್ತು ಕಪ್ಪು ಜನರನ್ನು ಕೊಂದವನಿಗೆ ಪಿಸ್ತೂಲು ಸಿಕ್ಕಿದ್ದು ಹೀಗೆಯೇ. ಅವನ ಹಳೆಯ ಪ್ರಕರಣದ ಕಡತ ಯಾವ ಠಾಣೆಯಲ್ಲಿದೆಯೆಂದು ಹುಡುಕುವಷ್ಟರಲ್ಲಿ ಗಡುವು ಮುಗಿದಿತ್ತು.

ಇದಕ್ಕಿಂತ ದೊಡ್ಡ ಕಂಡಿ ಇನ್ನೊಂದಿದೆ. 1993ರ ಬ್ರೇಡಿ ಕಾಯ್ದೆಯ ತಪಾಸಣೆ ಪರವಾನಗಿ ಪಡೆದ ವ್ಯಾಪಾರಿಗಳಿಗೆ ಮಾತ್ರ ಅನ್ವಯಿಸುತ್ತದೆ. ಒಬ್ಬ ಸಾಮಾನ್ಯ ನಾಗರಿಕ ಇನ್ನೊಬ್ಬನಿಗೆ ತನ್ನ ಬಂದೂಕನ್ನು ಮಾರುವಾಗ ಒಕ್ಕೂಟದ ಕಾನೂನು ಯಾವ ತಪಾಸಣೆಯನ್ನೂ ಕೇಳುವುದಿಲ್ಲ. ಕೆಲವು ರಾಜ್ಯಗಳಷ್ಟೇ ತಮ್ಮ ಕಾನೂನಿನಲ್ಲಿ ಕೇಳುತ್ತವೆ. ಅಪರಾಧದ ಹಿನ್ನೆಲೆಯಿಲ್ಲದವರಿಂದ ಕೊಳ್ಳಿಸಿ, ಅಪರಾಧಿಯ ಕೈಗೆ ದಾಟಿಸುವ ಬೇನಾಮಿ ಖರೀದಿಯೂ ಧಾರಾಳವಾಗಿದೆ. ಕಠಿಣ ಕಾನೂನಿದ್ದೂ ಶಿಕಾಗೊದಲ್ಲಿ ಗುಂಡಿನ ಸದ್ದು ನಿಲ್ಲಲಿಲ್ಲವಲ್ಲ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ: ಆ ನಗರದ ಆಡಳಿತವೇ ಪ್ರಕಟಿಸಿದ ವರದಿಯಂತೆ ಅಪರಾಧಗಳಲ್ಲಿ ಸಿಕ್ಕಿ ಮೂಲ ಪತ್ತೆಯಾದ ಬಂದೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೊರರಾಜ್ಯಗಳಲ್ಲಿ ಮಾರಾಟವಾದವು, ಅದರಲ್ಲೂ ಪಕ್ಕದ ಇಂಡಿಯಾನಾದ ಪಾಲು ದೊಡ್ಡದು. ಗಡಿ ತಪಾಸಣೆಯೇ ಇಲ್ಲದ ರಾಜ್ಯಗಳ ನಡುವೆ ಒಂದು ಊರಿನ ಕಾನೂನು ಒಡ್ಡಿಲ್ಲದ ಕೆರೆಗೆ ತೂಬು ಕಟ್ಟಿದಂತೆ.

ಪತ್ತೆಯ ಕೆಲಸವನ್ನೂ ಕಾನೂನೇ ಕಷ್ಟವಾಗಿಸಿದೆ. 1986ರ ಕಾಯ್ದೆಯೊಂದು ಬಂದೂಕು ಮಾಲೀಕರ ರಾಷ್ಟ್ರೀಯ ನೋಂದಣಿ ಪುಸ್ತಕ ಇಡುವುದನ್ನು ನಿಷೇಧಿಸುತ್ತದೆ. ಹೀಗಾಗಿ ವೆಸ್ಟ್ ವರ್ಜೀನಿಯಾದ ಮಾರ್ಟಿನ್ಸ್‌ಬರ್ಗ್‌ನಲ್ಲಿರುವ ಪತ್ತೆ ಕೇಂದ್ರದ ಸಿಬ್ಬಂದಿ, ಬಾಗಿಲು ಮುಚ್ಚಿದ ಅಂಗಡಿಗಳ ಹಳೆಯ ರಿಜಿಸ್ಟರ್‌ಗಳ ಚಿತ್ರಗಳನ್ನು ಪುಟ ಪುಟವಾಗಿ ಕಣ್ಣಿನಿಂದಲೇ ಓದಿ ಹುಡುಕುತ್ತಾರೆ. ಹೆಸರು ಟೈಪಿಸಿ ಹುಡುಕುವ ಸೌಲಭ್ಯವನ್ನು ಅವರಿಗೆ ಬೇಕೆಂದೇ ಕೊಟ್ಟಿಲ್ಲ. ಕಾನೂನು ಇದ್ದೂ ಕೆಲಸ ಮಾಡುವುದಿಲ್ಲ ಎನ್ನುವಾಗ, ಅದನ್ನು ಎಷ್ಟರಮಟ್ಟಿಗೆ ಕೆಲಸ ಮಾಡಲು ಬಿಡಲಾಗಿದೆ ಎಂಬುದನ್ನೂ ಕೇಳಬೇಕಾಗುತ್ತದೆ.

ತಂದ ರಾಜ್ಯ, ತೆಗೆದ ರಾಜ್ಯ

ಯಾವ ಕಾನೂನು ಪರಿಣಾಮಕಾರಿ ಎಂಬುದಕ್ಕೆ ಸಂಶೋಧಕರು ಮತ್ತೆ ಮತ್ತೆ ಮರಳುವ ಜೋಡಿ ಕನೆಕ್ಟಿಕಟ್ ಮತ್ತು ಮಿಸೌರಿ. 1995ರಲ್ಲಿ ಕನೆಕ್ಟಿಕಟ್, ಪಿಸ್ತೂಲು ಕೊಳ್ಳುವ ಮುನ್ನ ಪೊಲೀಸರಿಂದ ಪರವಾನಗಿ ಪಡೆಯಬೇಕೆಂದಿತು. ಮಿಸೌರಿಯಲ್ಲಿ ಇಂಥದೇ ಕಾನೂನು ದಶಕಗಳಿಂದ ಇತ್ತು. 2007ರಲ್ಲಿ ಅದನ್ನು ರದ್ದು ಮಾಡಲಾಯಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಎರಡನ್ನೂ ಅಧ್ಯಯನ ಮಾಡಿದರು. ಕನೆಕ್ಟಿಕಟ್‌ನಲ್ಲಿ ಗುಂಡಿನ ಕೊಲೆಗಳು, ಕಾನೂನು ಇಲ್ಲದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಮೊದಲ ದಶಕದಲ್ಲಿ ಶೇ 40ರಷ್ಟು ಕಡಿಮೆಯಾದವೆಂದು ಒಂದು ಅಂದಾಜು. ನಂತರದ ಮರುಲೆಕ್ಕ ಅದನ್ನು ಶೇ 28ಕ್ಕೆ ಇಳಿಸಿತು. ಮಿಸೌರಿಯಲ್ಲಿ ಗುಂಡಿನ ಕೊಲೆಯ ಪ್ರಮಾಣ ಶೇ 25ರ ಆಸುಪಾಸಿನಲ್ಲಿ ಏರಿತು. ಎರಡೂ ಕಡೆ ಬಂದೂಕು ಬಳಸದ ಕೊಲೆಗಳಲ್ಲಿ ಇಂಥ ಬದಲಾವಣೆ ಕಾಣಲಿಲ್ಲ ಎಂಬುದು ಈ ಅಧ್ಯಯನಗಳ ಮುಖ್ಯ ಬಲ.

ಆಕ್ಷೇಪಗಳೂ ಹಗುರವಲ್ಲ. ಒಂದೊಂದು ರಾಜ್ಯವನ್ನಿಟ್ಟುಕೊಂಡು ಇಡೀ ದೇಶದ ಬಗ್ಗೆ ಹೇಳಲಾಗದು. ‘ಇಲ್ಲದಿದ್ದರೆ ಹೀಗಿರುತ್ತಿತ್ತು’ ಎಂಬುದು ಬೇರೆ ರಾಜ್ಯಗಳ ಅಂಕಿಗಳನ್ನು ಜೋಡಿಸಿ ಕಟ್ಟಿದ ಕಲ್ಪಿತ ರಾಜ್ಯದ ಲೆಕ್ಕ. ಯಾವ ರಾಜ್ಯಗಳನ್ನು, ಯಾವ ವರ್ಷಗಳನ್ನು ಆರಿಸಿಕೊಂಡೆವು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಶೇ 40 ಎಂಬುದು 28 ಆದದ್ದೇ ಅದಕ್ಕೆ ಉದಾಹರಣೆ. ಆದರೂ ದಿಕ್ಕು ಬದಲಾಗಲಿಲ್ಲ.

ಅಂಗಡಿಯ ತಪಾಸಣೆಗೂ ಈ ಪರವಾನಗಿಗೂ ಇರುವ ವ್ಯತ್ಯಾಸ ಗಮನಾರ್ಹ. ಪರವಾನಗಿಗಾಗಿ ಠಾಣೆಗೆ ಹೋಗಿ, ಬೆರಳಚ್ಚು ಕೊಟ್ಟು, ಕೆಲವು ವಾರ ಕಾಯಬೇಕು. ಬೇರೊಬ್ಬರಿಗಾಗಿ ಕೊಳ್ಳಲು ಹೊರಟವರು ಅಲ್ಲಿಯೇ ಹಿಂಜರಿಯುತ್ತಾರೆ. ಸಿಟ್ಟಿನಲ್ಲಿ ಅಥವಾ ಹತಾಶೆಯಲ್ಲಿ ಹೊರಟವರಿಗೆ ಆ ವಾರಗಳಲ್ಲಿ ಮನಸ್ಸು ತಣಿಯಲು ಸಮಯ ಸಿಗುತ್ತದೆ. ಆತ್ಮಹತ್ಯೆಯ ವಿಷಯದಲ್ಲಿ ಈ ವಿಳಂಬದ ಬೆಲೆ ಇನ್ನೂ ಸ್ಪಷ್ಟ. ಇಸ್ರೇಲಿನ ಸೈನ್ಯ 2006ರಲ್ಲಿ, ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ಶಿಬಿರದಲ್ಲೇ ಬಿಟ್ಟುಹೋಗುವಂತೆ ನಿಯಮ ಬದಲಿಸಿದಾಗ ಸೈನಿಕರ ಆತ್ಮಹತ್ಯೆಗಳು ಶೇ 40ರಷ್ಟು ಇಳಿದವು. ವಾರಾಂತ್ಯದಲ್ಲಿ ಇಳಿದದ್ದು ವಾರದ ಉಳಿದ ದಿನಗಳಲ್ಲಿ ಏರಲಿಲ್ಲ. ಮಕ್ಕಳ ಕೈಗೆ ಸಿಗದಂತೆ ಬಂದೂಕನ್ನು ಬೀಗ ಹಾಕಿಡಬೇಕೆಂಬ ಕಾನೂನುಗಳ ಬಗ್ಗೆಯೂ, ರ‍್ಯಾಂಡ್ ಸಂಶೋಧನಾ ಸಂಸ್ಥೆ ನೂರಾರು ಅಧ್ಯಯನಗಳನ್ನು ಜಾಲಾಡಿ ನಡೆಸಿದ ಪರಿಶೀಲನೆಯಲ್ಲಿ ಗಟ್ಟಿಯಾದ ಅನುಕೂಲಕರ ಸಾಕ್ಷ್ಯ ಸಿಕ್ಕಿದೆ.

ಎದುರು ಪಕ್ಷದ ವಾದ

ಬಂದೂಕು ಹಕ್ಕಿನ ಪರವಾಗಿರುವವರ ಮೂಲ ವಾದ ಸರಳ: ಕಾನೂನನ್ನು ಪಾಲಿಸುವುದು ಸಜ್ಜನರು ಮಾತ್ರ, ಅವರ ಕೈ ಕಟ್ಟಿದರೆ ದುರ್ಜನರಿಗೆ ಅನುಕೂಲ. 1997ರಲ್ಲಿ ಅರ್ಥಶಾಸ್ತ್ರಜ್ಞ ಜಾನ್ ಲಾಟ್ ಸಹಲೇಖಕರೊಂದಿಗೆ ಇದಕ್ಕೆ ಅಂಕಿಗಳ ಬೆಂಬಲ ಒದಗಿಸಿ, ಬಂದೂಕು ಹೊತ್ತು ತಿರುಗಲು ಸುಲಭವಾಗಿ ಪರವಾನಗಿ ಕೊಡುವ ರಾಜ್ಯಗಳಲ್ಲಿ ಅಪರಾಧ ಇಳಿದಿದೆ ಎಂದರು. 2004ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಆ ಅಂಕಿಗಳನ್ನು ಪರಿಶೀಲಿಸಿ, ಪರವಾಗಲೀ ವಿರುದ್ಧವಾಗಲೀ ತೀರ್ಮಾನಕ್ಕೆ ಬರುವಷ್ಟು ಆಧಾರವಿಲ್ಲ ಎಂದಿತು. ಆಮೇಲೆ ಹೆಚ್ಚು ವರ್ಷಗಳ ಮಾಹಿತಿ ಸೇರಿಸಿ ಜಾನ್ ಡೊನೊಹ್ಯೂ ಮತ್ತು ಸಂಗಡಿಗರು ಮಾಡಿದ ಲೆಕ್ಕ ಉಲ್ಟಾ ಬಂತು: ಇಂಥ ಕಾನೂನು ಬಂದ ಹತ್ತು ವರ್ಷಗಳಲ್ಲಿ ಹಿಂಸಾಪರಾಧ ಶೇ 13ರಿಂದ 15ರಷ್ಟು ಹೆಚ್ಚು. ಹೆಚ್ಚು ಜನ ಬಂದೂಕು ಹೊತ್ತು ತಿರುಗಿದರೆ ಕಾರುಗಳಿಂದ ಕದ್ದ ಬಂದೂಕುಗಳೂ ಹೆಚ್ಚುತ್ತವೆ, ಸಣ್ಣ ಜಗಳಗಳಲ್ಲಿ ಅವು ಹೊರಬರುವ ಸಂದರ್ಭಗಳೂ ಹೆಚ್ಚುತ್ತವೆ ಎಂಬುದು ಇದಕ್ಕೆ ಕೊಡುವ ಕಾರಣ.

ಆದರೆ ಈ ಪಕ್ಷದ ಅತ್ಯಂತ ಬಲವಾದ ಮಾತು ಅಂಕಿಗಳಲ್ಲಿಲ್ಲ. ಪರವಾನಗಿ ಕೊಡುವ ಅಧಿಕಾರ ಒಬ್ಬ ಅಧಿಕಾರಿಯ ಮರ್ಜಿಗೆ ಬಿಟ್ಟಾಗ ಅದು ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದಕ್ಕೆ ಇತಿಹಾಸವಿದೆ. ಮನೆಯ ಮೇಲೆ ಬಾಂಬ್ ಬಿದ್ದ ನಂತರ 1956ರಲ್ಲಿ ಅಲಬಾಮಾದಲ್ಲಿ ಬಂದೂಕು ಜೊತೆಗೆ ಒಯ್ಯಲು ಅರ್ಜಿ ಹಾಕಿದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಪರವಾನಗಿ ನಿರಾಕರಿಸಲಾಗಿತ್ತು. 2022ರ ಬ್ರೂಯೆನ್ ಪ್ರಕರಣದಲ್ಲಿ, ಬಂದೂಕು ಹೊತ್ತು ತಿರುಗಲು ವಿಶೇಷ ಕಾರಣ ತೋರಿಸಬೇಕೆಂಬ ನ್ಯೂಯಾರ್ಕಿನ ಕಾನೂನನ್ನು ವಿರೋಧಿಸಿ ಸುಪ್ರೀಂ ಕೋರ್ಟಿಗೆ ಅಭಿಪ್ರಾಯ ಸಲ್ಲಿಸಿದವರಲ್ಲಿ ಬಡವರ ಪರ ವಾದಿಸುವ ಕಪ್ಪು ವಕೀಲರೂ ಇದ್ದರು. ಪರವಾನಗಿಯಿಲ್ಲವೆಂಬ ಕಾರಣಕ್ಕೆ ಜೈಲಿಗೆ ಹೋಗುತ್ತಿದ್ದವರು ಹೆಚ್ಚಾಗಿ ಅವರ ಕಕ್ಷಿದಾರರೇ ಆಗಿದ್ದರು. ನಿಯಂತ್ರಣದ ಪರವಾದಿಗಳು ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದೇ ಹೆಚ್ಚು.

ಸಡಿಲವಾದಾಗಲೂ ಕೊಲೆ ಇಳಿದದ್ದೇಕೆ?

2020ರಲ್ಲಿ ಅಮೆರಿಕದ ಕೊಲೆಗಳು ಒಂದೇ ವರ್ಷದಲ್ಲಿ ಶೇ 30ರ ಸಮೀಪ ಏರಿದವು. ಕೋವಿಡ್‌ನಿಂದಾಗಿ ಶಾಲೆ, ಆಟದ ಮೈದಾನ, ನ್ಯಾಯಾಲಯ, ಸಮಾಲೋಚನಾ ಕೇಂದ್ರಗಳೆಲ್ಲ ಮುಚ್ಚಿದ್ದವು. ಪೊಲೀಸ್ ಅಧಿಕಾರಿಯೊಬ್ಬನಿಂದ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಹತ್ಯೆಯಾದ ನಂತರ ಪೊಲೀಸರ ಮೇಲಿನ ನಂಬಿಕೆ ಕುಸಿದಿತ್ತು. ಬಂದೂಕು ಮಾರಾಟ ದಾಖಲೆ ಮಟ್ಟ ಮುಟ್ಟಿತ್ತು. ಈಗಿನ ಇಳಿಕೆ ಆ ಎತ್ತರದಿಂದ ಆದದ್ದು. ಮುಚ್ಚಿದ್ದೆಲ್ಲ ತೆರೆಯಿತು, ಸ್ಥಳೀಯ ಆಡಳಿತಗಳು ಮತ್ತೆ ನೌಕರರನ್ನು ತುಂಬಿಕೊಂಡವು, ಹಲವು ನಗರಗಳು ಹಿಂಸೆ ತಡೆಯುವ ಕಾರ್ಯಕ್ರಮಗಳಿಗೆ ಹಣ ಸುರಿದವು. ಇಳಿಕೆ ಬಿಗಿ ಕಾನೂನಿನ ರಾಜ್ಯಗಳಲ್ಲೂ ಆಗಿದೆ, ಸಡಿಲ ಕಾನೂನಿನ ರಾಜ್ಯಗಳಲ್ಲೂ ಆಗಿದೆ. ಹಾಗಾಗಿ ಅದನ್ನು ಸಡಿಲಿಕೆಯ ಖಾತೆಗೆ ಜಮಾ ಮಾಡಲಾಗದು. 2020ರ ಏರಿಕೆಯನ್ನು ಅದೇ ಕಾನೂನುಗಳ ತಲೆಗೆ ಕಟ್ಟುವುದೂ ಹಾಗೆಯೇ ತಪ್ಪು. ಕೊಲೆಯ ಪ್ರಮಾಣವನ್ನು ಏರಿಳಿಸುವ ಶಕ್ತಿಗಳಲ್ಲಿ ಬಂದೂಕು ಕಾನೂನು ಒಂದು, ಮತ್ತು ಅತಿ ದೊಡ್ಡದೇನಲ್ಲ. ಅದರ ಪರಿಣಾಮ ನಿಧಾನವಾಗಿ, ಕೆಲವು ಬಗೆಯ ಸಾವುಗಳಲ್ಲಿ ಮಾತ್ರ ಕಾಣುತ್ತದೆ.

ಆಸ್ಟ್ರೇಲಿಯಾ ಮಾಡಿದ್ದು, ಮರೆತದ್ದು

1996ರ ಏಪ್ರಿಲ್ 28ರಂದು ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ 35 ಜನ ಗುಂಡಿಗೆ ಬಲಿಯಾದ ಎರಡೇ ವಾರಗಳೊಳಗೆ ಪ್ರಧಾನಿ ಜಾನ್ ಹೊವಾರ್ಡ್ ಎಲ್ಲ ರಾಜ್ಯಗಳನ್ನೂ ಒಂದು ಒಪ್ಪಂದಕ್ಕೆ ತಂದರು. ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳ ಮೇಲೆ ನಿಷೇಧ ಬಂತು, ಸುಮಾರು 6.5 ಲಕ್ಷ ಬಂದೂಕುಗಳನ್ನು ಸರ್ಕಾರ ಹಣ ಕೊಟ್ಟು ಹಿಂಪಡೆದು ನಾಶ ಮಾಡಿತು. ಬಂದೂಕು ಬೇಕೆನ್ನುವವರು ಸರಿಯಾದ ಕಾರಣ ತೋರಿಸಬೇಕಾಯಿತು, ಮತ್ತು ಆತ್ಮರಕ್ಷಣೆಯನ್ನು ಸರಿಯಾದ ಕಾರಣವೆಂದು ಒಪ್ಪಲಿಲ್ಲ. ಅದಕ್ಕೆ ಹಿಂದಿನ 18 ವರ್ಷಗಳಲ್ಲಿ, ಐದು ಅಥವಾ ಹೆಚ್ಚು ಜನ ಸತ್ತ 13 ಸಾಮೂಹಿಕ ಗುಂಡೇಟುಗಳು ನಡೆದಿದ್ದವು. ನಂತರ 2018ರವರೆಗೆ ಅಂಥ ಒಂದೂ ನಡೆಯಲಿಲ್ಲ. ಗುಂಡಿನ ಆತ್ಮಹತ್ಯೆಗಳು ತೀವ್ರವಾಗಿ ಇಳಿದವೆಂಬುದರಲ್ಲಿ ಹೆಚ್ಚಿನ ಸಂಶೋಧಕರಿಗೆ ಒಮ್ಮತವಿದೆ. ಕೊಲೆಯ ಬಗ್ಗೆ ಇಲ್ಲ; 1996ಕ್ಕೆ ಮೊದಲೇ ಗುಂಡಿನ ಕೊಲೆಗಳು ಇಳಿಯುತ್ತಿದ್ದವು, ಬಂದೂಕು ಬಳಸದ ಸಾವುಗಳೂ ಆ ಬಳಿಕ ಇಳಿದವು, ಆದ್ದರಿಂದ ಪೂರ್ತಿ ಶ್ರೇಯವನ್ನು ಕಾನೂನಿಗೆ ಕೊಡಲಾಗದು ಎಂದು 2016ರ ಅಧ್ಯಯನವೊಂದು ಎಚ್ಚರಿಸಿತ್ತು.

ಮರೆತದ್ದೇನೆಂದರೆ, ಹಿಂಪಡೆದ ನಂತರವೂ ಖರೀದಿ ನಿಲ್ಲಲಿಲ್ಲ. ಈಗ ಆ ದೇಶದಲ್ಲಿ 40 ಲಕ್ಷಕ್ಕೂ ಹೆಚ್ಚು ಬಂದೂಕುಗಳಿವೆ, 1996ರಲ್ಲಿದ್ದುದಕ್ಕಿಂತ ಹೆಚ್ಚು. ಒಬ್ಬರು ಎಷ್ಟು ಇಟ್ಟುಕೊಳ್ಳಬಹುದೆಂಬುದಕ್ಕೆ ಹೆಚ್ಚಿನ ರಾಜ್ಯಗಳಲ್ಲಿ ಮಿತಿಯಿರಲಿಲ್ಲ. ಎಲ್ಲ ರಾಜ್ಯಗಳಿಗೂ ಒಂದೇ ನೋಂದಣಿ ವ್ಯವಸ್ಥೆ ತರುವ ನಿರ್ಧಾರವಾಗಲು 2023ರ ಡಿಸೆಂಬರ್ ಬರಬೇಕಾಯಿತು; ಬಾಂಡೈ ದಾಳಿಯ ಹೊತ್ತಿಗೆ ಅದು ಇನ್ನೂ ಸಿದ್ಧವಾಗಿರಲಿಲ್ಲ. ದಾಳಿಯ ನಂತರ ನ್ಯೂ ಸೌತ್ ವೇಲ್ಸ್ ಒಬ್ಬರಿಗೆ ನಾಲ್ಕು, ರೈತರಂಥವರಿಗೆ ಹತ್ತು ಬಂದೂಕುಗಳ ಮಿತಿ ತಂದಿದೆ. ಕೇಂದ್ರ ಸರ್ಕಾರ ಮತ್ತೊಮ್ಮೆ ಹಿಂಪಡೆಯುವ ಯೋಜನೆಯನ್ನು ಮುಂದಿಟ್ಟಿದೆ. ಸಂಖ್ಯೆಯ ಮಿತಿ ಬಾಂಡೈ ದಾಳಿಯನ್ನು ತಡೆಯುತ್ತಿತ್ತು ಎನ್ನಲು ಆಧಾರ ಸಾಲದು. ದಾಳಿಗೆ ಆರು ಬಂದೂಕು ಬೇಕಿಲ್ಲ. ಪರವಾನಗಿ ಕೊಟ್ಟ ನಂತರ ಆ ವ್ಯಕ್ತಿಯ ಮೇಲೆ, ಆ ಮನೆಯಲ್ಲಿರುವವರ ಮೇಲೆ ಯಾರ ಕಣ್ಣಿತ್ತು ಎಂಬುದು ಇದಕ್ಕಿಂತ ಮುಖ್ಯವಾದ ಪ್ರಶ್ನೆ.

ನಮ್ಮ ಕಾಯ್ದೆ, ನಮ್ಮ ಕೋವಿ

ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಗಿಯಾದದ್ದೇ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆದರೆ ಸ್ಮಾಲ್ ಆರ್ಮ್ಸ್ ಸರ್ವೆಯ ಅದೇ ಅಂದಾಜಿನಂತೆ ಇಲ್ಲಿನ ನಾಗರಿಕರ ಬಳಿಯಿರುವ 7.1 ಕೋಟಿ ಬಂದೂಕುಗಳಲ್ಲಿ ಪರವಾನಗಿಯಿರುವವು 97 ಲಕ್ಷ ಮಾತ್ರ. ಉಳಿದವು ಬಿಹಾರದ ಮುಂಗೇರ್‌ನಂಥ ಕಡೆ ತಯಾರಾಗುವ ನಾಡ ಪಿಸ್ತೂಲುಗಳು ಮತ್ತು ಕಳ್ಳಸಾಗಣೆಯ ಮಾಲು. ಧಾರವಾಡದಲ್ಲಿ 2015ರಲ್ಲಿ ನಡೆದ ಎಂ.ಎಂ. ಕಲಬುರ್ಗಿ ಅವರ ಹತ್ಯೆ ಮತ್ತು ಬೆಂಗಳೂರಿನಲ್ಲಿ 2017ರಲ್ಲಿ ನಡೆದ ಗೌರಿ ಲಂಕೇಶ್ ಅವರ ಹತ್ಯೆ, ಎರಡರಲ್ಲೂ ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಬಳಕೆಯಾಗಿದೆಯೆಂದು ವಿಧಿವಿಜ್ಞಾನ ವರದಿ ಹೇಳಿತು. ಎರಡು ವರ್ಷ ಆ ಆಯುಧ ಯಾರ ಕಣ್ಣಿಗೂ ಬೀಳದೆ ಉಳಿದಿತ್ತು.

ಮತ್ತೊಂದು ತುದಿಯಲ್ಲಿ, ಚುನಾವಣೆ ಘೋಷಣೆಯಾದಾಗಲೆಲ್ಲ ಮಲೆನಾಡು ಮತ್ತು ಕೊಡಗಿನ ಬೆಳೆಗಾರರು ತಮ್ಮ ಜೋಡುನಳಿಗೆ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ, ಕಾಡಾನೆ ಮತ್ತು ಹಂದಿ ತೋಟಕ್ಕೆ ನುಗ್ಗುವ ದಿನಗಳಲ್ಲೇ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ 2029ರವರೆಗೆ ಮುಂದುವರಿಸಿದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಕೊಡವರ ಕೈಲ್ ಪೊಳ್ದ್ ಹಬ್ಬದ ದಿನ ಪೂಜೆಗೊಳ್ಳುವ ಉದ್ದ ನಳಿಗೆಯ ಕೋವಿಯೂ ಅಂಗಿಯೊಳಗೆ ಅಡಗುವ ನಾಡ ಪಿಸ್ತೂಲೂ ಕಾನೂನಿನ ಕಣ್ಣಿಗೆ ಎರಡೂ ಬಂದೂಕುಗಳೇ. ಅಪರಾಧದ ದೃಷ್ಟಿಯಲ್ಲಿ ಅವೆರಡರ ನಡುವೆ ಹೋಲಿಕೆಯೇ ಇಲ್ಲ. ಠೇವಣಿಯ ಆದೇಶ ಸುಲಭವಾಗಿ ಜಾರಿಯಾಗುವುದು ವಿಳಾಸವಿರುವ ಮಾಲೀಕರ ಮೇಲೆ. ನಾಡ ಪಿಸ್ತೂಲಿಗೆ ವಿಳಾಸವಿಲ್ಲ.

ಮುಂದೇನಾಗಬಹುದು

ಅಮೆರಿಕದಲ್ಲಿ ಇಷ್ಟೆಲ್ಲ ಸಾಕ್ಷ್ಯದ ಕಥೆ ಈಗ ಒಂದು ವಿಚಿತ್ರ ತಿರುವಿನಲ್ಲಿದೆ. ಬ್ರೂಯೆನ್ ತೀರ್ಪಿನ ನಂತರ ಅಲ್ಲಿನ ನ್ಯಾಯಾಲಯಗಳು, ಒಂದು ಕಾನೂನು ಪ್ರಾಣ ಉಳಿಸುತ್ತದೆಯೇ ಎಂದು ತೂಗಿ ನೋಡುವಂತಿಲ್ಲ. ಅಂಥ ನಿಯಂತ್ರಣ ದೇಶದ ಐತಿಹಾಸಿಕ ಸಂಪ್ರದಾಯಕ್ಕೆ ಹೊಂದುತ್ತದೆಯೇ ಎಂಬುದನ್ನಷ್ಟೇ ನೋಡಬೇಕು. 2024ರ ರಹೀಮಿ ತೀರ್ಪು ಇದನ್ನು ತುಸು ಸಡಿಲಿಸಿ, ಸಂಗಾತಿಯ ಮೇಲೆ ದೌರ್ಜನ್ಯ ಎಸಗಿ ನ್ಯಾಯಾಲಯದ ನಿರ್ಬಂಧಕ್ಕೆ ಒಳಗಾದವರ ಕೈಯಿಂದ ಬಂದೂಕು ಕಸಿಯುವ ಕಾನೂನನ್ನು 8–1 ಬಹುಮತದಿಂದ ಎತ್ತಿಹಿಡಿಯಿತು. ಆದರೂ ಅಳತೆಗೋಲು ಇತಿಹಾಸವೇ.

ಇದರ ಪರಿಣಾಮವಾಗಿ ರಾಜಕೀಯ ಗದ್ದಲ ಒಂದು ಕಡೆ, ಸಾಕ್ಷ್ಯ ಇನ್ನೊಂದು ಕಡೆ ಉಳಿದಿವೆ. ಎಆರ್–15 ಬಗೆಯ ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳ ಮೇಲಿನ ನಿಷೇಧ ಎಲ್ಲರ ಬಾಯಲ್ಲಿದೆ. ಸಾಮೂಹಿಕ ಗುಂಡೇಟಿನಲ್ಲಿ ಸಾಯುವವರ ಸಂಖ್ಯೆಯನ್ನು ಅದು ತಗ್ಗಿಸಬಹುದು, ಆದರೆ ಎಫ್‌ಬಿಐ ಅಂಕಿಗಳಲ್ಲಿ ಎಲ್ಲ ಬಗೆಯ ರೈಫಲ್ ಸೇರಿದರೂ ಕೊಲೆಗಳಲ್ಲಿ ಅವುಗಳ ಪಾಲು ತೀರಾ ಸಣ್ಣದು, ಪಿಸ್ತೂಲಿನದೇ ಸಿಂಹಪಾಲು. ಮೇರಿಲ್ಯಾಂಡ್ ರಾಜ್ಯದ ಇಂಥ ನಿಷೇಧದ ವಿರುದ್ಧದ ಅರ್ಜಿಯನ್ನು 2025ರ ಜೂನ್‌ನಲ್ಲಿ ಕೈಬಿಡುವಾಗ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕವನಾ, ಒಂದೆರಡು ವಾರ್ಷಿಕ ಅವಧಿಗಳಲ್ಲಿ ಈ ಪ್ರಶ್ನೆಯನ್ನು ಕೋರ್ಟ್ ಕೈಗೆತ್ತಿಕೊಳ್ಳಲೇಬೇಕಾಗುತ್ತದೆ ಎಂದು ಸೂಚಿಸಿದ್ದಾರೆ. ಎತ್ತಿಕೊಂಡರೆ ನಿಷೇಧಗಳು ಉಳಿಯುವುದು ಕಷ್ಟ. ಅದೇ ಮೇರಿಲ್ಯಾಂಡಿನಲ್ಲಿ ಪಿಸ್ತೂಲು ಕೊಳ್ಳುವ ಮುನ್ನ ಬೆರಳಚ್ಚು ಕೊಟ್ಟು ಪರವಾನಗಿ ಪಡೆಯಬೇಕೆಂಬ ಕಾನೂನನ್ನು ಮೇಲ್ಮನವಿ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಎತ್ತಿಹಿಡಿಯಿತು, ಮತ್ತು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಮಧ್ಯಪ್ರವೇಶಿಸಲು ಒಪ್ಪಲಿಲ್ಲ. ಆ ಆದೇಶ ಹೆಚ್ಚು ಸುದ್ದಿಯಾಗಲಿಲ್ಲ. ಕೊಲೆಯ ಅಂಕಿಗಳನ್ನು ಕದಲಿಸಬಲ್ಲದೆಂದು ಸಂಶೋಧನೆ ಬೆರಳು ತೋರುವ ಕಾನೂನು ಅದೇ ಬಗೆಯದು, ಮತ್ತು ಸದ್ಯಕ್ಕೆ ಅದನ್ನು ತರಲು ಉಳಿದ ರಾಜ್ಯಗಳಿಗೆ ದಾರಿ ತೆರೆದಿದೆ.